ಎಂಜಲಿನಲ್ಲಿರುವ ಬೆಳವಣಿಗೆಯ ಅಂಶಗಳು

ಸಣ್ಣ ಗಾಯಕ್ಕೆ ಎಂಜಲು ಹಚ್ಚು ಎನ್ನುವ ಮಾತನ್ನು ನಮ್ಮಲ್ಲಿ ಕೇಳದವರು ಕಡಿಮೆ. ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರೂ, ವಿಜ್ಞಾನವೇ ಒಪ್ಪಿದೆಯೆಂದು ವಾದಿಸುವವರೂ ಅರ್ಧ ಸಂಗತಿಯನ್ನಷ್ಟೇ ಹೇಳುತ್ತಾರೆ ಎಂಬುದು ನನ್ನ ಅಭಿಪ್ರಾಯ.

1950ರ ದಶಕದಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ವಿಜ್ಞಾನಿಗಳಾದ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ನರತಂತುಗಳನ್ನು ಬೆಳೆಸುವ ವಸ್ತುವೊಂದನ್ನು ಇಲಿಯ ಗಡ್ಡೆಯಿಂದ ಬೇರ್ಪಡಿಸಲು ಯತ್ನಿಸುತ್ತಿದ್ದರು. ಆ ಸಾರದಲ್ಲಿದ್ದ ನ್ಯೂಕ್ಲಿಯಿಕ್ ಆಮ್ಲವನ್ನು ಒಡೆಯಲೆಂದು ಹಾವಿನ ವಿಷ ಬೆರೆಸಿದಾಗ ತಂತುಗಳು ಮೊದಲಿಗಿಂತಲೂ ಹುಲುಸಾಗಿ ಬೆಳೆದವು. ಅವರು ಹುಡುಕುತ್ತಿದ್ದ ವಸ್ತು ವಿಷದಲ್ಲಿಯೇ ಹೇರಳವಾಗಿತ್ತು. ಸಸ್ತನಿಗಳಲ್ಲಿ ವಿಷಗ್ರಂಥಿಗೆ ಸಮನಾದದ್ದು ಎಂಜಲು ಸುರಿಸುವ ಲಾಲಾಗ್ರಂಥಿಯೆಂದು ತರ್ಕಿಸಿದ ಕೋಹೆನ್, ಗಂಡಿಲಿಯ ದವಡೆಯಡಿಯ ಗ್ರಂಥಿಯಲ್ಲೂ ಅದನ್ನು ಕಂಡುಕೊಂಡರು. ಅದೇ ನರ್ವ್ ಗ್ರೋತ್ ಫ್ಯಾಕ್ಟರ್.

ಆದರೆ ನನಗೆ ಹೆಚ್ಚು ಹಿಡಿಸುವುದು ಮುಂದಿನ ಘಟ್ಟ. ಆ ಗ್ರಂಥಿಯ ಸಾರವನ್ನು ಚುಚ್ಚಿದ ಇಲಿಮರಿಗಳು, ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ ತೆರೆಯುವ ಕಣ್ಣನ್ನು ಒಂದೇ ವಾರದಲ್ಲಿ ತೆರೆದವು. ಹಲ್ಲೂ ಬೇಗ ಮೂಡಿತು. ನರಕ್ಕೆ ಸಂಬಂಧವಿಲ್ಲದ ಈ ಪರಿಣಾಮವನ್ನು ಕಲಬೆರಕೆಯ ದೋಷವೆಂದು ಬದಿಗೊತ್ತದೆ ಬೆನ್ನುಹತ್ತಿದ ಕೋಹೆನ್, ಚರ್ಮದ ಮೇಲ್ಪದರವನ್ನು ಬೆಳೆಸುವ, 53 ಅಮೈನೋ ಆಮ್ಲಗಳ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್ (ಇಜಿಎಫ್) ಅನ್ನು ಬೇರ್ಪಡಿಸಿ 1962ರಲ್ಲಿ ಪ್ರಕಟಿಸಿದರು. 1986ರ ನೊಬೆಲ್ ಇಬ್ಬರಿಗೂ ಸಂದಿತು.

ಲಾಲಾಗ್ರಂಥಿ ತೆಗೆದ ಇಲಿಗಳ ಗಾಯ ನಿಧಾನವಾಗಿ ಕೂಡಿಕೊಳ್ಳುವುದು ನಿಜ. ಆದರೆ ಮನುಷ್ಯರ ಎಂಜಲಿನಲ್ಲಿ ಇಜಿಎಫ್ ಇಲಿಯದಕ್ಕೆ ಹೋಲಿಸಿದರೆ ತೀರ ಅಲ್ಪ. ನಮ್ಮಲ್ಲಿ ಗಾಯ ಮುಚ್ಚುವ ಕೆಲಸಕ್ಕೆ ಹಿಸ್ಟಾಟಿನ್ ಎಂಬ ಚಿಕ್ಕ ಪ್ರೋಟೀನುಗಳೂ ನೆರವಾಗುತ್ತವೆ. ಎಂಜಲಿನ ಇಂಥ ಅಂಶಗಳ ಉಪಯೋಗ ಹೆಚ್ಚಾಗಿ ಬಾಯಿಯಲ್ಲಿ, ಮತ್ತು ನುಂಗಿದ ಬಳಿಕ ಅನ್ನನಾಳ, ಜಠರಗಳ ಒಳಪೊರೆಯಲ್ಲಿ. ಎಂಜಲಿನೊಡನೆ ಬಾಯಿಯ ಬ್ಯಾಕ್ಟೀರಿಯಾಗಳೂ ಬರುವುದರಿಂದ, ಮಂಡಿ ತರಚಿಕೊಂಡ ಮಗುವಿಗೆ ನಾನು ನಲ್ಲಿ ನೀರನ್ನೇ ಸೂಚಿಸುತ್ತೇನೆ.

ಇಜಿಎಫ್ ಜೀವಕೋಶದ ಮೇಲೆ ಬಂದು ಅಂಟುವ ಗ್ರಾಹಕ, ಅಂದರೆ ಇಜಿಎಫ್‌ಆರ್, ತಲೆ ಮತ್ತು ಕುತ್ತಿಗೆಯ ಅನೇಕ ಕ್ಯಾನ್ಸರ್‌ಗಳಲ್ಲಿ ಅತಿಯಾಗಿರುತ್ತದೆ. ಬೆಂಗಳೂರಿನ ಔಷಧ ಕಂಪನಿ ಬಯೋಕಾನ್ 2006ರಲ್ಲಿ ಮಾರುಕಟ್ಟೆಗೆ ತಂದ ನಿಮೊಟುಜುಮ್ಯಾಬ್ ಎಂಬ ಪ್ರತಿಕಾಯವು ಆ ಗ್ರಾಹಕವನ್ನೇ ಆಕ್ರಮಿಸಿಕೊಂಡು, ಬೆಳೆಯಲು ಬರುವ ಸೂಚನೆಯನ್ನು ತಡೆಯುತ್ತದೆ.