ನರ್ಸರಿಯಿಂದ ತಂದ ಗಿಡ ಸೊರಗುವುದೇಕೆ: ತುಮಕೂರಿನ ತಾರಸಿಯಿಂದ ಒಂದು ಪ್ರಗತಿ ದಾಖಲೆ

ಹೊಸದಾಗಿ ಕೊಂಡು ತಂದ ಗಿಡ ತಿಂಗಳೊಪ್ಪತ್ತಿನಲ್ಲಿ ಎಲೆ ಉದುರಿಸಿ ಬೋಳಾದರೆ ನಮ್ಮಲ್ಲಿ ಹೆಚ್ಚಿನವರು ಅದನ್ನು ಕೈಗುಣದ ಮೇಲೆ ಹಾಕಿಬಿಡುತ್ತಾರೆ. ನರ್ಸರಿಯವರು ಏನೋ ಔಷಧಿ ಕೊಟ್ಟು ಗಿಡವನ್ನು ಉಬ್ಬಿಸಿದ್ದರು ಎಂದು ದೂರುವವರೂ ಉಂಟು. ನಿಜವಾದ ಕಾರಣವನ್ನು ಕಣ್ಣಾರೆ ನೋಡಬೇಕೆಂದು ಶಿವರಾತ್ರಿ ಕಳೆದ ಮೇಲೆ ತಾರಸಿಯಲ್ಲಿ ಸಣ್ಣದೊಂದು ಹೋಲಿಕೆಯನ್ನು ಆರಂಭಿಸಿದೆ. ಗುಲಾಬಿ, ದಾಸವಾಳ, ಇಕ್ಸೋರಾ (ಕೇಪಳ) ಮತ್ತು ಮನೆಯೊಳಗಿಡುವ ಫೈಕಸ್ ಗಿಡಗಳನ್ನು ಒಂದೇ ನರ್ಸರಿಯಿಂದ ಜೋಡಿ ಜೋಡಿಯಾಗಿ ತಂದು, ಪ್ರತಿ ಜೋಡಿಯಲ್ಲಿ ಒಂದನ್ನು ಸಾಮಾನ್ಯವಾಗಿ ಎಲ್ಲರೂ ಮಾಡುವಂತೆ ಅಂದೇ ಕುಂಡಕ್ಕೆ ಬದಲಾಯಿಸಿ ಅದರ ಜಾಗಕ್ಕೆ ಸೇರಿಸಿದೆ. ಇನ್ನೊಂದನ್ನು ತಂದ ಕವರಿನಲ್ಲೇ ಬಿಟ್ಟು, ಬೆಳಕು, ನೀರು, ಮಣ್ಣು ಇವುಗಳಲ್ಲಿ ಒಂದು ಬದಲಾವಣೆಗೆ ಗಿಡ ಹೊಂದಿಕೊಂಡ ಮೇಲಷ್ಟೇ ಮತ್ತೊಂದನ್ನು ಮಾಡುತ್ತ ಬಂದೆ. ಆರಿದ್ರ ಮಳೆಯ ಹೊತ್ತಿಗೆ ಕಂಡುಬಂದದ್ದು ಇಷ್ಟು.

ಗಿಡ ನಮ್ಮಲ್ಲಿಗೆ ಬರುವ ಮುನ್ನ ಹೇಗಿತ್ತು ಎಂಬುದನ್ನು ಮೊದಲು ವಿಚಾರಿಸಬೇಕು. “ಶೇಡ್‌ನೆಟ್ ಐವತ್ತು ಪರ್ಸೆಂಟಿಂದು ಅಕ್ಕ, ದಿನಕ್ಕೆರಡು ಸಲ ಪೈಪಲ್ಲಿ ನೀರು ಬಿಡ್ತೀವಿ, ವಾರಕ್ಕೊಂದು ಸಲ ನೈಂಟೀನ್ ಆಲ್ ಕೊಡ್ತೀವಿ” ಎಂದು ಅಲ್ಲಿಯ ಹುಡುಗ ಹೇಳಿದ. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ 19:19:19 ಗೊಬ್ಬರವನ್ನೇ ಅವರು ಹಾಗೆನ್ನುವುದು. ಅರ್ಧ ಬಿಸಿಲು, ಎಂದೂ ಆರದ ಬೇರು, ತಪ್ಪದ ಊಟ, ಒತ್ತೊತ್ತಾಗಿ ನಿಂತ ನೂರಾರು ಗಿಡಗಳ ಎಲೆಗಳಿಂದ ಹೊರಡುವ ತೇವದಿಂದ ಹಸಿಯಾಗಿಯೇ ಇರುವ ಗಾಳಿ: ಇಷ್ಟರ ನಡುವೆ ಹುಟ್ಟಿದ ಎಲೆ ಅಗಲವಾಗಿ, ತೆಳುವಾಗಿ, ಮೇಲಿನ ಮೇಣದ ಪದರವೂ ತೆಳುವಾಗಿಯೇ ಬೆಳೆಯುತ್ತದೆ. ಅದೇ ಎಲೆಯನ್ನು ಸಿಮೆಂಟು ಕಾದು ಒಣಗಾಳಿ ಬೀಸುವ ತಾರಸಿಗೆ ತಂದಿಟ್ಟರೆ, ಎಲೆ ಕಳೆದುಕೊಳ್ಳುವಷ್ಟು ನೀರನ್ನು ಬೇರು ಒದಗಿಸಲಾರದು. ನೆರಳಿಗೆಂದು ಬೆಳೆದ ಎಲೆ ಮತ್ತೆ ಬಿಸಿಲಿನ ಎಲೆಯಾಗಿ ಮಾರ್ಪಡುವುದಿಲ್ಲ. ಹೊಸ ಜಾಗಕ್ಕೆ ತಕ್ಕ ಎಲೆಯನ್ನು ಗಿಡ ಹೊಸದಾಗಿಯೇ ಬಿಡಬೇಕು. ಆದ್ದರಿಂದ ಹಳೆಯ ಎಲೆ ಉದುರಿದ ಮಾತ್ರಕ್ಕೆ ಗಿಡ ಹೋಯಿತೆಂದು ಕೀಳಬಾರದು. ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಿ, ಒಳಗೆ ಹಸಿರಿದ್ದರೆ ಕಾಯುವುದೇ ಸರಿ.

ಫೈಕಸ್‌ನದು ಇದಕ್ಕೆ ತಿರುಗುಮುರುಗಾದ ಕಷ್ಟ. ಮೊಬೈಲಿನಲ್ಲಿ ಬೆಳಕು ಅಳೆದರೆ ಸಿಗುವುದು ಸ್ಥೂಲ ಅಂದಾಜು ಮಾತ್ರವಾದರೂ ವ್ಯತ್ಯಾಸವನ್ನು ತಿಳಿಯಲು ಅದು ಸಾಕು: ನಡು ಮಧ್ಯಾಹ್ನದ ಬಯಲಿನಲ್ಲಿ ಲಕ್ಷ ಲಕ್ಸ್‌ನ ಆಸುಪಾಸು ಇರುವ ಬೆಳಕು ನಮ್ಮ ಹಾಲಿನ ಮೂಲೆಯಲ್ಲಿ ಕೆಲವು ನೂರಕ್ಕೆ ಇಳಿಯುತ್ತದೆ. ನಮ್ಮ ಕಣ್ಣಿಗೆ ಬೆಳಕಾಗಿ ಕಾಣುವ ಆ ಮೂಲೆಯಲ್ಲಿ ಎಲೆ ತಾನು ತಯಾರಿಸುವುದಕ್ಕಿಂತ ಹೆಚ್ಚನ್ನು ಖರ್ಚು ಮಾಡುತ್ತದೆ, ಗಿಡ ಅಂಥ ಎಲೆಯನ್ನು ಕಳಚಿಹಾಕುತ್ತದೆ. ನೇರವಾಗಿ ಒಳಗಿಟ್ಟ ಫೈಕಸ್ ಹೆಚ್ಚುಕಡಿಮೆ ಬರಿ ಕಡ್ಡಿಯಾಯಿತು. ವರಾಂಡದಲ್ಲಿ ಕೆಲಕಾಲ ಇದ್ದು ಒಳಗೆ ಬಂದದ್ದು ಕೆಳಗಿನ ಕೆಲವೇ ಎಲೆಗಳನ್ನು ಉದುರಿಸಿತು.

ಬೆಳಕಿನ ವಿಷಯ ಅನೇಕರಿಗೆ ಗೊತ್ತಿರುತ್ತದೆ. ಅಷ್ಟಾಗಿ ಯಾರೂ ಗಮನಿಸದಿರುವುದು ಕವರಿನೊಳಗಿನ ಮಣ್ಣನ್ನು, ಮತ್ತು ನಮ್ಮ ಭಾಗದಲ್ಲಿ ಅತಿ ಹೆಚ್ಚು ಗಿಡಗಳನ್ನು ಕೊಲ್ಲುವುದು ಅದೇ ಎಂದು ಈಗ ನನಗೆ ದೃಢವಾಗಿ ಅನಿಸಿದೆ. ಇಲ್ಲಿ ಮಾರಾಟವಾಗುವ ಎಷ್ಟೋ ಗಿಡಗಳು ಆಂಧ್ರದ ಗೋದಾವರಿ ಸೀಮೆಯ ಕಡಿಯಂ ಸುತ್ತಲಿನ ನರ್ಸರಿಗಳಿಂದ ಲಾರಿಯಲ್ಲಿ ಬರುತ್ತವೆ. ದಾರಿಯಲ್ಲಿ ಬೇರಿನ ಸುತ್ತಲಿನ ಮಣ್ಣು ಉದುರಬಾರದು, ಹಾಗಾಗಿ ಅವು ಅಲ್ಲಿಯ ಅಂಟು ಜೇಡಿಯಲ್ಲೇ ಇರುತ್ತವೆ. ನಾವು ಆ ಹೆಂಟೆಯನ್ನು ಹಾಗೆಯೇ ತಂದು ಕೆಂಪು ಮಣ್ಣು, ತೆಂಗಿನ ನಾರಿನ ಹುಡಿ, ಕೊಟ್ಟಿಗೆ ಗೊಬ್ಬರ ಬೆರೆಸಿದ ಸಡಿಲ ಮಿಶ್ರಣದ ನಡುವೆ ಕೂರಿಸುತ್ತೇವೆ.

ಅಂದೇ ಕುಂಡಕ್ಕೆ ಹೋದ ಗುಲಾಬಿ ದಿನವೂ ನೀರುಂಡು ಬಾಡುತ್ತಿದ್ದುದರಿಂದ ಅದನ್ನು ಹೊರತೆಗೆದು ಹೆಂಟೆಯನ್ನು ಚಾಕುವಿನಿಂದ ಸೀಳಿ ನೋಡಿದೆ. ಸುತ್ತಲಿನ ಮಿಶ್ರಣ ಕೈಗೆ ಮೆತ್ತುವಷ್ಟು ಹಸಿಯಾಗಿತ್ತು. ಹೆಂಟೆಯ ಹೊರಮೈ ಉಗುರಿನ ದಪ್ಪದಷ್ಟು ಮಾತ್ರ ನೆನೆದು ಕಪ್ಪಗಾಗಿತ್ತು. ಅದರ ಒಳಗೆ ಬೂದುಬಣ್ಣದ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿ, ಕೂದಲೆಳೆಯಂಥ ಬೇರುಗಳು ಅದರಲ್ಲಿ ಒಣಗಿ ಸಿಕ್ಕಿಕೊಂಡಿದ್ದವು. ಜೇಡಿ ಒಮ್ಮೆ ಒಣಗಿದರೆ ಕುಗ್ಗಿ ಪಕ್ಕದಲ್ಲಿ ಸಂದು ಬಿಡುತ್ತದೆ, ಹಾಕಿದ ನೀರು ಆ ಸಂದಿನಲ್ಲೇ ಇಳಿದು ತಳದ ತೂತಿನಿಂದ ಹೊರಹೋಗುತ್ತದೆ. ತೂತಿನಿಂದ ನೀರು ಬಂದದ್ದನ್ನು ಕಂಡ ನಾವು ಗಿಡಕ್ಕೆ ಸಾಕಾಯಿತೆಂದು ತಿಳಿಯುತ್ತೇವೆ. ಅದೇ ಹೆಂಟೆ ಮಳೆಗಾಲದಲ್ಲಿ ಪೂರ್ತಿ ನೆನೆದರೆ ತೊಂದರೆ ಇನ್ನೊಂದು ಬಗೆಯದು: ಸಣ್ಣ ರಂಧ್ರಗಳ ಮಣ್ಣು ಹಿಡಿದ ನೀರನ್ನು ದೊಡ್ಡ ರಂಧ್ರಗಳ ಮಿಶ್ರಣಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಆದ್ದರಿಂದ ಸುತ್ತಲೂ ಆರಿದ್ದರೂ ನಡುವಿನ ಬೇರು ಗಾಳಿಯಿಲ್ಲದೆ ಕೊಳೆಯುತ್ತದೆ. ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆಂಬ ರೂಢಿಯ ನಂಬಿಕೆಯೂ ಇದೇ ಕಾರಣಕ್ಕೆ ಸರಿಯಲ್ಲ. ತೇವ ನಿಲ್ಲುವ ಪದರ ಜಲ್ಲಿಯ ಮೇಲೆ, ಬೇರಿಗೆ ಇನ್ನಷ್ಟು ಹತ್ತಿರದಲ್ಲಿ, ನಿಲ್ಲುತ್ತದೆ.

ಜೋಡಿಯ ಎರಡನೆಯ ಗುಲಾಬಿಯನ್ನು ಬೇಸಿಗೆಯುದ್ದಕ್ಕೂ ಕವರಿನಲ್ಲೇ ಇಟ್ಟು, ಹಗುರವಾದಾಗಲೆಲ್ಲ ಬಕೆಟ್ಟಿನ ನೀರಿನಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಮುಳುಗಿಸಿ ತೆಗೆಯುತ್ತಿದ್ದೆ. ಮೃಗಶಿರದ ಮೋಡ ಕವಿದ ಮೇಲೆ ಹೊರಗಿನ ಜೇಡಿಯನ್ನು ಬೆರಳಿನಿಂದ ಸಡಿಲಿಸಿ ತೊಳೆದು, ಸುತ್ತು ಹಾಕಿದ್ದ ಬೇರುಗಳನ್ನು ಬಿಡಿಸಿ ಕುಂಡಕ್ಕೆ ಕೂರಿಸಿದೆ. ಕಡು ಬೇಸಿಗೆಯಲ್ಲಿ ಈ ಕೆಲಸ ಸಲ್ಲದು, ಬೇರು ಹರಿದಷ್ಟೂ ಎಲೆಗೆ ನೀರು ಕಡಿಮೆ. ಕಣ್ಣು ಕಟ್ಟಿದ, ಅಂದರೆ ಬೇರೆ ಗುಲಾಬಿಯ ಮೊಗ್ಗನ್ನು ಕಸಿ ಮಾಡಿದ, ಜಾಗದಲ್ಲಿ ಪ್ಲಾಸ್ಟಿಕ್ ಪಟ್ಟಿ ಇನ್ನೂ ಬಿಗಿಯಾಗಿ ಕಾಂಡವನ್ನು ಹಿಸುಕುತ್ತಿತ್ತು. ಅದನ್ನೂ ಕತ್ತರಿಸಿ ತೆಗೆದೆ. ಗುಲಾಬಿ ಕೊಂಡವರೆಲ್ಲರೂ ಆ ಜಾಗವನ್ನು ಒಮ್ಮೆ ನೋಡಿಕೊಳ್ಳಬೇಕು.

ನಾರಿನ ಹುಡಿಯ ಬಗ್ಗೆಯೂ ಒಂದು ಮಾತು. ತಿಪಟೂರು, ಗುಬ್ಬಿ ಕಡೆ ತೆಂಗು ಹೇರಳವಾಗಿರುವುದರಿಂದ ಹಸಿ ಹುಡಿ ನಮಗೆ ಸುಲಭವಾಗಿ ಸಿಗುತ್ತದೆ, ಆದರೆ ಅದರಲ್ಲಿ ಲವಣವೂ ಒಗರಿನ ಅಂಶವೂ ಇರುತ್ತವೆ. ಕಂದು ನೀರು ಬರುವುದು ನಿಲ್ಲುವವರೆಗೆ ತೊಳೆಯಬೇಕು, ಇಲ್ಲವೇ ಕಳಿತ ಹುಡಿಯನ್ನೇ ಬಳಸಬೇಕು. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹುದುಗಿಸಿದ ಕೊಕೊಪೀಟನ್ನು, ಅಂದರೆ ಇದೇ ನಾರಿನ ಹುಡಿಯನ್ನು, ಅರ್ಕಾ ಹೆಸರಿನಲ್ಲಿ ಹೊರತಂದಿದೆ.

ನೀರಿನ ಪರಿಣಾಮ ಎಲ್ಲಕ್ಕಿಂತ ನಿಧಾನವಾಗಿ ಕಾಣಿಸಿಕೊಂಡಿತು. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ಒಂದು ನಲ್ಲಿಯಲ್ಲಿ, ಬೋರ್ ನೀರು ಇನ್ನೊಂದರಲ್ಲಿ ಇರುವುದು ಈ ಹೋಲಿಕೆಗೆ ಅನುಕೂಲವಾಯಿತು. ಬೋರ್ ನೀರು ಕುಡಿದ ಕುಂಡಗಳ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿತು, ಇಕ್ಸೋರಾದ ಚಿಗುರೆಲೆ ನರ ಮಾತ್ರ ಹಸಿರಾಗಿ ಉಳಿದು ಹಳದಿಗೆ ತಿರುಗಿತು. ಇದು ಕಬ್ಬಿಣದ ಕೊರತೆಯ ಗುರುತು. ಸಾರಜನಕ ಸಾಲದಿದ್ದರೆ ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಗಡಸು ನೀರಿನ ಬೈಕಾರ್ಬನೇಟ್ ಮಣ್ಣನ್ನು ಕ್ರಮೇಣ ಕ್ಷಾರವಾಗಿಸುವುದರಿಂದ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಅದು ದಕ್ಕುವುದಿಲ್ಲ. ಹೇಮಾವತಿ ನೀರಿನ ಇಕ್ಸೋರಾ ಹಸಿರಾಗಿಯೇ ಇದೆ.

ಗೊಬ್ಬರವನ್ನು ಹೊಸ ಚಿಗುರು ಕಾಣುವವರೆಗೆ ಯಾವ ಗಿಡಕ್ಕೂ ಕೊಡಲಿಲ್ಲ, ಆಮೇಲೆ ಅರ್ಧ ಪ್ರಮಾಣದಲ್ಲಿ ಕೊಟ್ಟೆ. ಬಾಡಿದ ಗಿಡದ ಬೇರಿಗೆ ಲವಣ ಸುರಿದರೆ ಇರುವ ನೀರೂ ಸಿಗದಂತಾಗುತ್ತದೆ. ನುಸಿ ಮತ್ತು ಹಿಟ್ಟು ತಿಗಣೆಗಾಗಿ ಎಲೆಯ ಹಿಂಬದಿ ನೋಡುವುದು ಹೇಗೂ ನಡೆದೇ ಇದೆ.

ಈಗಿನ ಸ್ಥಿತಿ: ನೇರ ಬದಲಾಯಿಸಿದ ಗುಲಾಬಿಯಲ್ಲಿ ಒಂದು ಕೊಂಬೆ ಮಾತ್ರ ಚಿಗುರುತ್ತಿದೆ, ಕಾದು ಬದಲಾಯಿಸಿದ್ದು ಮೊಗ್ಗಿಗೆ ಬಂದಿದೆ. ದಾಸವಾಳದ ಜೋಡಿಯಲ್ಲಿ ಗಮನಿಸಬೇಕಾದಷ್ಟು ವ್ಯತ್ಯಾಸ ಕಾಣಲಿಲ್ಲ; ಅದು ಎರಡೂ ರೀತಿಯನ್ನು ತಾಳಿಕೊಂಡಿತು. ಹಳದಿಗೆ ತಿರುಗಿದ ಇಕ್ಸೋರಾಕ್ಕೆ ಈಗ ಇಡಿಡಿಎಚ್‌ಎ ರೂಪದ ಕೀಲೇಟ್ ಕಬ್ಬಿಣ (ಬೇರಿಗೆ ದಕ್ಕುವಂತೆ ಇನ್ನೊಂದು ರಾಸಾಯನಿಕ ಹಿಡಿದಿಟ್ಟ ಕಬ್ಬಿಣ) ಕೊಟ್ಟಿದ್ದೇನೆ, ಏಕೆಂದರೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಇಡಿಟಿಎ ರೂಪ ಕ್ಷಾರ ಮಣ್ಣಿನಲ್ಲಿ ಕಬ್ಬಿಣವನ್ನು ಹಿಡಿದಿಡಲಾರದು. ಅದರ ಹೊಸ ಎಲೆಯ ಬಣ್ಣವನ್ನೂ, ಸ್ಥಳೀಯವಾಗಿ ನಾರಿನ ಹುಡಿಯಲ್ಲೇ ಬೆಳೆಸಿದ ಗುಲಾಬಿಗಳ ಇನ್ನೊಂದು ಜೋಡಿಯನ್ನೂ ಮುಂದಿನ ದಾಖಲೆಯಲ್ಲಿ ಬರೆಯುತ್ತೇನೆ.