ಹವಾಮಾನದ ಸುಳ್ಳೂ ಹಾರುವ ತಟ್ಟೆಯೂ

ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಕಳೆದ ತಿಂಗಳು ಒಂದು ವಿಡಿಯೊ ಕಳುಹಿಸಿ, "ಮಾವ, ಇದನ್ನು ನೋಡಿ, ಆಮೇಲೆ ಹೇಳಿ ಏರಿಯಾ 51ರಲ್ಲಿ ಏನೂ ಇಲ್ಲ ಅಂತ" ಎಂದು ಸವಾಲು ಹಾಕಿದ. ಹನ್ನೆರಡು ನಿಮಿಷಗಳ ಆ ವಿಡಿಯೊದಲ್ಲಿ ಮರುಭೂಮಿಯ ಬೇಲಿಯೊಂದನ್ನೂ ಮಸುಕಾದ ಉಪಗ್ರಹ ಚಿತ್ರಗಳನ್ನೂ ತೋರಿಸಿ, ಅಮೆರಿಕದ ಸೇನೆ ಅನ್ಯಗ್ರಹದ ನೌಕೆಗಳನ್ನು ಅಲ್ಲಿ ಬಿಚ್ಚಿ ನೋಡಿ ತನ್ನ ವಿಮಾನಗಳನ್ನು ಕಟ್ಟಿತೆಂದು ಗಂಭೀರವಾದ ದನಿಯೊಂದು ಹೇಳುತ್ತದೆ. ಅಲ್ಲಿ ಏನೂ ಇಲ್ಲವೆಂದು ನಾನು ಎಂದೂ ಹೇಳಿದವನಲ್ಲ. ಅಲ್ಲಿ ಬಹಳಷ್ಟು ಇತ್ತು, ಈಗಲೂ ಇದೆ. ನನ್ನ ತಕರಾರು ಬೇರೆಯದು: ಆ ಜಾಗದ ನಿಜವಾದ ಗುಟ್ಟುಗಳು ಒಂದೊಂದಾಗಿ ಹೊರಬಂದಾಗಲೂ ನಾವು ಅವುಗಳ ಕಡೆ ಕಣ್ಣೆತ್ತಿ ನೋಡದಂತೆ ಮಾಡಿದ್ದು ಈ ಹಾರುವ ತಟ್ಟೆಗಳ ಕಥೆಯೇ. ಅವನಿಗೆ ಫೋನಿನಲ್ಲಿ ಹೇಳಿ ಮುಗಿಸಲಾಗದ ಉತ್ತರ ಇಷ್ಟುದ್ದವಾಯಿತು.

ಲಾಸ್ ವೇಗಾಸ್ ನಗರದಿಂದ ಸುಮಾರು 130 ಕಿಲೋಮೀಟರ್ ದೂರದಲ್ಲಿ, ಅಮೆರಿಕದ ನೆವಾಡಾ ರಾಜ್ಯದ ಬೆಟ್ಟಗಳ ನಡುವೆ ಗ್ರೂಮ್ ಲೇಕ್ ಎಂಬ ಒಣಗಿದ ಕೆರೆಯಿದೆ. ಏರಿಯಾ 51 ಎಂಬ ಗುಟ್ಟಿನ ವಾಯುನೆಲೆ ಇರುವುದು ಇದರ ದಡದಲ್ಲೇ. ಹೆಸರಿಗೆ ಕೆರೆ, ಕಣ್ಣಿಗೆ ಕಾಣುವುದು ಹಾಸುಗಲ್ಲಿನಂತೆ ಗಟ್ಟಿಯಾದ ಉಪ್ಪಿನ ಬಯಲು. 1955ರ ಏಪ್ರಿಲ್‌ನಲ್ಲಿ ವಿಮಾನ ಕಟ್ಟುವ ಲಾಕ್‌ಹೀಡ್ ಕಂಪನಿಯ ವಿನ್ಯಾಸಕಾರ ಕೆಲ್ಲಿ ಜಾನ್ಸನ್, ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎಯ ರಿಚರ್ಡ್ ಬಿಸ್ಸೆಲ್ ಮೊದಲಾದವರು ಸಣ್ಣ ವಿಮಾನವೊಂದರಲ್ಲಿ ಸುತ್ತಾಡುತ್ತ, ಹೊಸ ಬೇಹುಗಾರಿಕೆ ವಿಮಾನದ ಪರೀಕ್ಷೆಗೆ ಇದನ್ನು ಆರಿಸಿಕೊಂಡರು. ಪಕ್ಕದಲ್ಲೇ ಅಣುಬಾಂಬ್ ಪರೀಕ್ಷಿಸುವ ಬಯಲು ಇದ್ದುದರಿಂದ ಜನ ಹತ್ತಿರ ಸುಳಿಯುತ್ತಿರಲಿಲ್ಲ, ಮೇಲಿನ ಆಕಾಶವೂ ಬೇರೆ ವಿಮಾನಗಳಿಗೆ ಮುಚ್ಚಿತ್ತು. ಇಂಥ ಬೆಂಗಾಡಿಗೆ ಕೆಲಸಗಾರರನ್ನು ಒಲಿಸಲು ಜಾನ್ಸನ್ ಇಟ್ಟ ಹೆಸರು ಪ್ಯಾರಡೈಸ್ ರ್‍ಯಾಂಚ್, ಅಂದರೆ ಸ್ವರ್ಗದ ಹುಲ್ಲುಗಾವಲು. ಆ ಮನುಷ್ಯನ ಹಾಸ್ಯಪ್ರಜ್ಞೆಗೆ ಅಲ್ಲಿ ಹುಲ್ಲೊಂದೇ ಕಡಿಮೆಯಾಗಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಯು-2 ಬೇಹುಗಾರಿಕೆ ವಿಮಾನ ಆ ಬಯಲಿನಿಂದ ಮೊದಲ ಬಾರಿಗೆ ಮೇಲೇರಿತು.

ಮುಂದಿನದ್ದನ್ನು ಅರ್ಥಮಾಡಿಕೊಳ್ಳಲು ಸಂಜೆಯ ಬೆಳಕನ್ನು ಸ್ವಲ್ಪ ಗಮನಿಸಬೇಕು. ಆ ಕಾಲದ ಪ್ರಯಾಣಿಕ ವಿಮಾನಗಳು ಹತ್ತರಿಂದ ಇಪ್ಪತ್ತು ಸಾವಿರ ಅಡಿ ಎತ್ತರದಲ್ಲಿ ಹಾರುತ್ತಿದ್ದವು, ಯುದ್ಧವಿಮಾನಗಳು ನಲವತ್ತು ಸಾವಿರ ಅಡಿಯೊಳಗೆ. ಯು-2 ಹಾರುತ್ತಿದ್ದದ್ದು ಅರವತ್ತು ಸಾವಿರ ಅಡಿಗಿಂತ ಮೇಲೆ, ಮನುಷ್ಯನೊಬ್ಬ ಅಷ್ಟು ಎತ್ತರದಲ್ಲಿ ಹಾರಬಲ್ಲನೆಂದು ಹೊರಗಿನವರು ಯಾರೂ ನಂಬದಿದ್ದ ಕಾಲದಲ್ಲಿ. ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತಿರುವ ವಿಮಾನದ ಪೈಲಟ್‌ಗೆ ಸೂರ್ಯ ಮುಳುಗಿ ಸುತ್ತ ಕತ್ತಲೆ ಕವಿದಿರುತ್ತದೆ. ಆದರೆ ಅವನ ತಲೆಯ ಮೇಲೆ ನಲವತ್ತು ಸಾವಿರ ಅಡಿ ಎತ್ತರದಲ್ಲಿರುವ ಯು-2ಗೆ ಸೂರ್ಯ ಇನ್ನೂ ಕಾಣುತ್ತಲೇ ಇರುತ್ತಾನೆ, ಅದರ ಬೆಳ್ಳಿಬಣ್ಣದ ರೆಕ್ಕೆಗಳು ಆ ಬೆಳಕನ್ನು ಹಿಡಿದು ಕೆಂಡದಂತೆ ಹೊಳೆಯುತ್ತವೆ. ನಮ್ಮ ಮನೆಯಂಗಳದಲ್ಲಿ ಕತ್ತಲಾದ ಮೇಲೂ ಎದುರಿನ ಗುಡ್ಡದ ನೆತ್ತಿ ಸ್ವಲ್ಪ ಹೊತ್ತು ಬೆಳಗುವುದಕ್ಕೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಪೈಲಟ್ ತಾನು ಕಂಡದ್ದನ್ನು ಪ್ರಾಮಾಣಿಕವಾಗಿಯೇ ವರದಿ ಮಾಡಿದ. ಅವನು ಸುಳ್ಳು ಹೇಳಲಿಲ್ಲ, ಅವನಿಗೆ ಭ್ರಮೆಯೂ ಆಗಿರಲಿಲ್ಲ. ಅವನು ನೋಡಿದ್ದು ನಿಜವಾಗಿಯೂ ಯಾರಿಗೂ ಗೊತ್ತಿಲ್ಲದ ಹಾರುವ ವಸ್ತುವನ್ನು.

ಇಂಥ ವರದಿಗಳನ್ನು ಪರಿಶೀಲಿಸಲು ಅಮೆರಿಕದ ವಾಯುಪಡೆ ಬ್ಲೂ ಬುಕ್ ಎಂಬ ಯೋಜನೆ ನಡೆಸುತ್ತಿತ್ತು. ಅದರ ತನಿಖೆದಾರರು ವಾಷಿಂಗ್ಟನ್‌ನಲ್ಲಿದ್ದ ಸಿಐಎ ಸಿಬ್ಬಂದಿಗೆ ಫೋನ್ ಮಾಡಿ ಯು-2 ಹಾರಾಟದ ದಾಖಲೆಗಳೊಂದಿಗೆ ಸಮಯ ತಾಳೆ ನೋಡುತ್ತಿದ್ದರು. ತಾಳೆಯಾದರೆ ಅವರಿಗೆ ಉತ್ತರ ಸಿಕ್ಕಿತು, ಆದರೆ ವರದಿ ಮಾಡಿದವನಿಗೆ ಆ ಉತ್ತರ ಹೇಳುವಂತಿರಲಿಲ್ಲ. ಇದನ್ನೆಲ್ಲ ಬರೆದಿಟ್ಟದ್ದು ಸಿಐಎಯೇ, 1992ರಲ್ಲಿ ಸಿದ್ಧವಾದ ತನ್ನ ಒಳಗಿನ ಇತಿಹಾಸದಲ್ಲಿ. ಮಾಹಿತಿ ಹಕ್ಕಿನಡಿ ಸಲ್ಲಿಸಿದ ಅರ್ಜಿಯ ಫಲವಾಗಿ 2013ರ ಆಗಸ್ಟ್‌ನಲ್ಲಿ ಅದು ಹೆಚ್ಚಿನ ಕಪ್ಪುಗೀಟುಗಳಿಲ್ಲದೆ ಹೊರಬಂದಾಗ ಏರಿಯಾ 51 ಎಂಬ ಹೆಸರನ್ನು ಸರ್ಕಾರ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಂತಾಯಿತು. 1950ರ ದಶಕದ ಕೊನೆ ಮತ್ತು 1960ರ ದಶಕದ ಬಹುಭಾಗದಲ್ಲಿ ಬಂದ ಹಾರುವ ತಟ್ಟೆಯ ವರದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯು-2 ಮತ್ತು ಅದರ ನಂತರದ ಎ-12 ವಿಮಾನಗಳದ್ದೇ ಎಂದೂ ಆ ಇತಿಹಾಸ ಹೇಳುತ್ತದೆ. ಈ ಅರ್ಧದ ಲೆಕ್ಕವನ್ನು ನಾನು ಕಣ್ಣುಮುಚ್ಚಿ ನಂಬುವುದಿಲ್ಲ. ಹಾರುವ ತಟ್ಟೆಗಳ ಬೆನ್ನು ಹತ್ತಿದವರು ಅದನ್ನು ಪ್ರಶ್ನಿಸಿದ್ದಾರೆ. ಗುಟ್ಟು ಕಾಯುವುದೇ ಕಸುಬಾದ ಸಂಸ್ಥೆ ತಾನೇ ಬರೆದುಕೊಂಡ ಲೆಕ್ಕ ಅದು. ಆದರೆ ಬೆಳಕಿನ ವಿವರಣೆ ಸಿಐಎಯ ಮಾತಿನ ಮೇಲೆ ನಿಂತಿಲ್ಲ, ಭೂಮಿಯ ಗುಂಡಗಿನ ಆಕಾರದ ಮೇಲೆ ನಿಂತಿದೆ.

ಜನ ಸರ್ಕಾರವನ್ನು ನಂಬದಿರಲು ಒಳ್ಳೆಯ ಕಾರಣಗಳೇ ಇದ್ದವು. 1947ರ ಜುಲೈ 8ರಂದು ನ್ಯೂ ಮೆಕ್ಸಿಕೊದ ರಾಸ್‌ವೆಲ್ ವಾಯುನೆಲೆ, ಒಬ್ಬ ದನಗಾಹಿಯ ಬಯಲಿನಲ್ಲಿ ಬಿದ್ದಿದ್ದ ಹಾರುವ ತಟ್ಟೆ ತನ್ನ ಕೈಸೇರಿದೆಯೆಂದು ತಾನೇ ಪತ್ರಿಕಾ ಪ್ರಕಟಣೆ ಹೊರಡಿಸಿ, ಬಹುಬೇಗ ಮಾತು ಬದಲಿಸಿ ಅದು ಹವಾಮಾನ ಬಲೂನು ಎಂದಿತು. ಅದು ಹವಾಮಾನದ ಬಲೂನಾಗಿರಲಿಲ್ಲ. ಸೋವಿಯತ್ ಒಕ್ಕೂಟ ಅಣುಬಾಂಬ್ ಸಿಡಿಸಿದರೆ ಅದರ ಸದ್ದನ್ನು ವಾತಾವರಣದ ಎತ್ತರದಲ್ಲಿ ಹಿಡಿಯಬೇಕೆಂದು ಮೈಕ್ರೊಫೋನ್ ಕಟ್ಟಿ ಹಾರಿಸುತ್ತಿದ್ದ ಮೊಗಲ್ ಎಂಬ ರಹಸ್ಯ ಯೋಜನೆಯ ಬಲೂನುಗಳ ಸಾಲು ಅದಾಗಿತ್ತೆಂದು ವಾಯುಪಡೆ ಹೇಳಿದ್ದು 1994ರಲ್ಲಿ, ನಲವತ್ತೇಳು ವರ್ಷಗಳ ನಂತರ. ಇನ್ನೊಂದು ಸಲ, 1960ರ ಮೇ 1ರಂದು ಗ್ಯಾರಿ ಪವರ್ಸ್ ಹಾರಿಸುತ್ತಿದ್ದ ಯು-2 ಸೋವಿಯತ್ ನೆಲದ ಮೇಲೆ ಉರುಳಿದಾಗ, ನಾಸಾದ ಹವಾಮಾನ ಸಂಶೋಧನೆಯ ವಿಮಾನವೊಂದು ದಾರಿ ತಪ್ಪಿತೆಂದು ಅಮೆರಿಕ ಹೇಳಿತು. ನಾಸಾದ ಗುರುತು ಬಳಿದ ಯು-2 ಒಂದನ್ನು ಪತ್ರಕರ್ತರಿಗೆ ತೋರಿಸಿಯೂ ಆಯಿತು. ಸೋವಿಯತ್ ನಾಯಕ ಕ್ರುಶ್ಚೇವ್ ಜೀವಂತ ಪೈಲಟ್‌ನನ್ನೇ ಮುಂದಿಟ್ಟಾಗ ಆ ಬಣ್ಣ ತೊಳೆದುಹೋಯಿತು. ಎರಡು ಬಾರಿ ಹವಾಮಾನದ ಹೆಸರಿನಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದವರು ಮೂರನೆಯ ಬಾರಿ ನಿಜವಾಗಿಯೂ ಹವಾಮಾನದ ಬಲೂನು ಹಾರಿಸಿದರೆ ಯಾರು ನಂಬಬೇಕು?

ಈ ಅಪನಂಬಿಕೆಯ ಹದವಾದ ನೆಲದಲ್ಲಿ 1989ರಲ್ಲಿ ಬಾಬ್ ಲಜಾರ್ ಬೀಜ ಬಿತ್ತಿದರು. ಲಾಸ್ ವೇಗಾಸ್‌ನ ಟಿವಿ ಪತ್ರಕರ್ತ ಜಾರ್ಜ್ ನ್ಯಾಪ್ ಅವರ ಮುಂದೆ ಮೊದಲು ಮುಖ ಮರೆಸಿಕೊಂಡು, ನವೆಂಬರ್‌ನಲ್ಲಿ ಸ್ವಂತ ಹೆಸರಿನಲ್ಲಿ ಅವರು ಹೇಳಿದ್ದು ಇಷ್ಟು: ಗ್ರೂಮ್ ಲೇಕ್‌ನ ದಕ್ಷಿಣಕ್ಕಿರುವ ಎಸ್-4 ಎಂಬ ಜಾಗದಲ್ಲಿ ಒಂಬತ್ತು ತಟ್ಟೆಗಳಿವೆ, ತಾವು ಅವುಗಳಲ್ಲೊಂದರ ಎಂಜಿನ್ ಪರಿಶೀಲಿಸುವ ಕೆಲಸದಲ್ಲಿದ್ದೆವು, ಅದರ ಇಂಧನ 115ನೆಯ ಮೂಲವಸ್ತು. ಅವರು ಓದಿದ್ದೆನ್ನುವ ಎಂಐಟಿ ಮತ್ತು ಕ್ಯಾಲ್‌ಟೆಕ್‌ಗಳಲ್ಲಿ ಅವರ ದಾಖಲೆ ಸಿಗಲಿಲ್ಲ. ಸರ್ಕಾರ ಅಳಿಸಿತೆಂಬುದು ಅವರ ಉತ್ತರ. ಅಕ್ಕನ ಮಗನ ವಿಡಿಯೊ ಹೆಚ್ಚು ಎದೆಯುಬ್ಬಿಸಿಕೊಂಡದ್ದು 115ರ ವಿಷಯದಲ್ಲಿ: ನೋಡಿ, ಅವರು ಹೇಳಿದ ಮೂಲವಸ್ತು ನಂತರ ನಿಜವಾಗಿಯೂ ಸಿಕ್ಕಿತಲ್ಲ! ಸಿಕ್ಕಿದ್ದು ನಿಜ. ರಷ್ಯಾದ ದುಬ್ನಾದಲ್ಲಿ 2003ರಲ್ಲಿ ಅಮೆರಿಸಿಯಮ್‌ಗೆ ಕ್ಯಾಲ್ಸಿಯಮ್ ಬೀಜಕಣಗಳನ್ನು ಅಪ್ಪಳಿಸಿ ಬೆರಳೆಣಿಕೆಯ ಪರಮಾಣುಗಳನ್ನು ಹುಟ್ಟಿಸಿದರು, 2016ರಲ್ಲಿ ಅದಕ್ಕೆ ಮಾಸ್ಕೋವಿಯಮ್ ಎಂದು ಹೆಸರಿಟ್ಟರು. ಆದರೆ 114ರ ನಂತರ 115 ಬರುತ್ತದೆಂದು ಹೇಳಲು ಜ್ಯೋತಿಷಿ ಬೇಕಿಲ್ಲ, ಆವರ್ತ ಕೋಷ್ಟಕ ಸಾಕು. ಹುಟ್ಟಿದ ಪರಮಾಣುಗಳು ಒಂದು ಸೆಕೆಂಡ್ ಕೂಡ ತಾಳದೆ ಒಡೆದುಹೋಗುತ್ತವೆ. ತಟ್ಟೆಯ ಟ್ಯಾಂಕ್ ತುಂಬಿಸುವ ಮಾತು ಹಾಗಿರಲಿ, ಕಣ್ಣಿಗೆ ಕಾಣುವಷ್ಟು ಮಾಸ್ಕೋವಿಯಮ್ ಕೂಡ ಈ ಭೂಮಿಯಲ್ಲಿ ಇಲ್ಲ.

ಆ ಹೊತ್ತಿನಲ್ಲಿ ಆ ಆಕಾಶದಲ್ಲಿ ವಿಚಿತ್ರ ಆಕಾರಗಳೇನೋ ಹಾರುತ್ತಿದ್ದವು. ರಾಡಾರ್ ಕಣ್ಣು ತಪ್ಪಿಸುವ ಎಫ್-117 ವಿಮಾನ 1981ರ ಜೂನ್‌ನಲ್ಲಿ ಗ್ರೂಮ್ ಲೇಕ್‌ನಲ್ಲೇ ಮೊದಲು ಹಾರಿತು, 1988ರ ನವೆಂಬರ್‌ವರೆಗೆ ಸರ್ಕಾರ ಅದರ ಇರವನ್ನೇ ಒಪ್ಪಲಿಲ್ಲ. ಇದಕ್ಕೆ ಸೇರಿದ ಒಂದು ಸಂಗತಿಯನ್ನು ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ 2025ರ ಜೂನ್‌ನಲ್ಲಿ ವರದಿ ಮಾಡಿತು. 1980ರ ದಶಕದಲ್ಲಿ ವಾಯುಪಡೆಯ ಕರ್ನಲ್ ಒಬ್ಬರು ಏರಿಯಾ 51ರ ಬಳಿಯ ಬಾರ್‌ವೊಂದಕ್ಕೆ ಹೋಗಿ, ಹಾರುವ ತಟ್ಟೆಯದೆಂದು ತೋರುವ ನಕಲಿ ಫೋಟೊಗಳನ್ನು ಮಾಲೀಕನಿಗೆ ಕೊಟ್ಟರಂತೆ, ಅವು ಗೋಡೆಯೇರಿದವಂತೆ, ಮಾತು ಊರೆಲ್ಲ ಹಬ್ಬಿತಂತೆ. ಹೊಸ ವಿಮಾನವನ್ನು ಮರೆಮಾಚಲು ಹಾಗೆ ಮಾಡಿದೆನೆಂದು ನಿವೃತ್ತಿಯ ನಂತರ ಅವರೇ ಪೆಂಟಗನ್‌ನ ತನಿಖೆದಾರರ ಮುಂದೆ ಒಪ್ಪಿಕೊಂಡರೆಂದು ಪತ್ರಿಕೆ ಬರೆಯಿತು. ಇದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಸರ್ಕಾರ ಮುಚ್ಚಿಟ್ಟಿದೆಯೆಂದು ಜನ ಯಾವ ಕಥೆಯನ್ನು ಎದೆ ತಟ್ಟಿ ಹೇಳುತ್ತಿದ್ದರೋ ಅದರಲ್ಲಿ ಒಂದಿಷ್ಟನ್ನು ಹಂಚಿದ್ದೇ ಸರ್ಕಾರದ ಮನುಷ್ಯ!

ಸುದ್ದಿಯಿಲ್ಲದ ಕೆಲವೇ ಗಂಟೆಗಳಲ್ಲಿ ಇಂಥ ಕಥೆ ಹೇಗೆ ಮೊಳೆಯುತ್ತದೆಂಬುದನ್ನು ನಾವು ಬೆಂಗಳೂರಿನವರು ಕಣ್ಣಾರೆ ಕಂಡಿದ್ದೇವೆ. 2020ರ ಮೇ 20ರ ಮಧ್ಯಾಹ್ನ ಊಟದ ಹೊತ್ತಿಗೆ ನಗರದ ಪೂರ್ವಭಾಗದ ಮೇಲೆ ಭಾರೀ ಸದ್ದೊಂದು ಕೇಳಿ ಕಿಟಕಿಯ ಗಾಜುಗಳು ಅದುರಿದವು. ಭೂಕಂಪ ದಾಖಲಾಗಿಲ್ಲವೆಂದು ತಜ್ಞರು ಹೇಳಿದರು, ಪೊಲೀಸರಿಗೂ ಕಾರಣ ಸಿಗಲಿಲ್ಲ. ಸಂಜೆಯೊಳಗೆ ಅನ್ಯಗ್ರಹದವರು ಬಂದಿಳಿದರೆಂಬ ಮಾತು ಅರ್ಧ ತಮಾಷೆಯಾಗಿ, ಅರ್ಧ ನಿಜವಾಗಿ ಫೋನಿನಿಂದ ಫೋನಿಗೆ ಹರಿದಾಡಿತ್ತು. ಕೊನೆಗೆ ರಕ್ಷಣಾ ಇಲಾಖೆಯ ಪ್ರಕಟಣೆ ಬಂತು: ವಾಯುಪಡೆಯ ಪರೀಕ್ಷಾ ಸಂಸ್ಥೆಗೆ ಸೇರಿದ ವಿಮಾನವೊಂದು ನಗರದಿಂದ ದೂರದಲ್ಲಿ, 36 ರಿಂದ 40 ಸಾವಿರ ಅಡಿ ಎತ್ತರದಲ್ಲಿ ಶಬ್ದಕ್ಕಿಂತ ಹೆಚ್ಚಿನ ವೇಗದಿಂದ ಕಡಿಮೆ ವೇಗಕ್ಕೆ ಇಳಿಯುವಾಗ ಆದ ಸದ್ದು ಅದು, 65 ರಿಂದ 80 ಕಿಲೋಮೀಟರ್ ದೂರದಲ್ಲಿ ಹಾರಿದರೂ ಕೇಳಿಸಬಲ್ಲದು. ಆ ಉತ್ತರ ಅದೇ ದಿನ ಬಂದದ್ದರಿಂದ ಕಥೆ ಅಲ್ಲಿಗೇ ಬಾಡಿತು. ನಲವತ್ತೇಳು ವರ್ಷ ತಡವಾಗಿದ್ದರೆ ಮಾರತಹಳ್ಳಿಯಲ್ಲೂ ಒಂದು ತಟ್ಟೆಯ ವಸ್ತುಸಂಗ್ರಹಾಲಯ ಎದ್ದಿರುತ್ತಿತ್ತೋ ಏನೋ.

ಇನ್ನು ನಮ್ಮ ದೇಶಕ್ಕೇ ಸೇರಿದ ಮಾತು. ಏರಿಯಾ 51ರ ಹೆಸರು ಬಿಟ್ಟುಕೊಟ್ಟ ಅದೇ ದಾಖಲೆಯಲ್ಲಿ ಒಡಿಶಾದ ಕಟಕ್ ಬಳಿಯ ಚಾರ್‌ಬಾಟಿಯಾ ಎಂಬ ಊರಿನ ಹೆಸರೂ ಇದೆ. 1962ರ ಯುದ್ಧದ ಹೊತ್ತಿನಲ್ಲಿ ಚೀನಾದ ಗಡಿಯ ಚಿತ್ರಗಳಿಗಾಗಿ ಯು-2 ಹಾರಾಟಕ್ಕೆ ನೆಹರೂ ಒಪ್ಪಿದರು. ಎರಡನೇ ಮಹಾಯುದ್ಧದ ಕಾಲದ, ಪಾಳುಬಿದ್ದಿದ್ದ ಚಾರ್‌ಬಾಟಿಯಾದ ವಾಯುನೆಲೆಯನ್ನು ಬಳಸಿಕೊಳ್ಳಲು 1963ರ ಜೂನ್‌ನಲ್ಲಿ ಕೆನಡಿ ಮತ್ತು ರಾಧಾಕೃಷ್ಣನ್ ಅವರ ಭೇಟಿಯಲ್ಲಿ ಒಪ್ಪಿಗೆಯಾಯಿತು. 1964ರ ಮೇ 24ರಂದು ಅಲ್ಲಿಂದ ಮೊದಲ ಹಾರಾಟ ನಡೆಯಿತು. ಮೂರು ದಿನಗಳ ನಂತರ ನೆಹರೂ ತೀರಿಕೊಂಡರು, ಮುಂದಿನ ಹಾರಾಟಗಳು ನಿಂತವು. ವರ್ಷದ ಕೊನೆಯಲ್ಲಿ ಗಡಿಯಲ್ಲಿ ಮತ್ತೆ ಬಿಸಿಯೇರಿದಾಗ ವಿಮಾನಗಳು ಇನ್ನೊಮ್ಮೆ ಬಂದವು, 1967ರಲ್ಲಿ ನೆಲೆ ಮುಚ್ಚಿತು. ಅಲಿಪ್ತ ನೀತಿಯ ದೇಶದ ನೆಲದಿಂದ ಸಿಐಎಯ ಬೇಹುಗಾರಿಕೆ ವಿಮಾನ ಹಾರಿದ್ದು ಚರ್ಚಿಸಬೇಕಾದ ಸಂಗತಿಯಲ್ಲವೇ? 2013ರಲ್ಲಿ ಪತ್ರಿಕೆಗಳು ಒಂದೆರಡು ದಿನ ಬರೆದವು, ಅಷ್ಟೇ. ನನ್ನ ಪರಿಚಯದವರಲ್ಲಿ ಏರಿಯಾ 51ರ ಬಗ್ಗೆ ಕೇಳದವರಿಲ್ಲ, ಚಾರ್‌ಬಾಟಿಯಾದ ಹೆಸರು ಕೇಳಿದವರು ಇಬ್ಬರು, ಅವರಲ್ಲೊಬ್ಬರು ಆ ಕಡೆ ಕೆಲಸ ಮಾಡಿ ಬಂದವರು.

ಗ್ರೂಮ್ ಲೇಕ್‌ನ ಬೇಲಿಯೊಳಗಿನ ಗುಟ್ಟುಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ವಿಮಾನಗಳದ್ದಲ್ಲ. 1994ರಲ್ಲಿ ಅಲ್ಲಿ ದುಡಿದ ಕೆಲವು ಕಾರ್ಮಿಕರು ಮತ್ತು ಸತ್ತ ಇಬ್ಬರು ಕಾರ್ಮಿಕರ ಪತ್ನಿಯರು ಸರ್ಕಾರದ ವಿರುದ್ಧ ಮೊಕದ್ದಮೆ ಹೂಡಿದರು. ಅಪಾಯಕಾರಿ ರಾಸಾಯನಿಕ ತ್ಯಾಜ್ಯವನ್ನು ತೆರೆದ ಹೊಂಡಗಳಲ್ಲಿ ಸುರಿದು, ವಿಮಾನದ ಇಂಧನ ಹಾಕಿ ಸುಡುತ್ತಿದ್ದರು, ಆ ಹೊಗೆಯಲ್ಲಿ ನಿಂತವರ ಚರ್ಮ ಮೀನಿನ ಹುರುಪೆಯಂತೆ ಒಡೆಯಿತು ಎಂಬುದು ಅವರ ದೂರು. ಗುಟ್ಟಿನ ಪ್ರಮಾಣಕ್ಕೆ ಬದ್ಧರಾಗಿದ್ದ ಕಾರ್ಮಿಕರು ನ್ಯಾಯಾಲಯಕ್ಕೂ ಹೆಸರು ಮರೆಸಿಕೊಂಡೇ ಬರಬೇಕಾಯಿತು. 1995ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್, ಗ್ರೂಮ್ ಲೇಕ್ ಬಳಿಯ ವಾಯುಪಡೆಯ ಕಾರ್ಯಸ್ಥಳದ ಕುರಿತ ಗೋಪ್ಯ ಮಾಹಿತಿಯನ್ನು ಪರಿಸರ ಕಾಯ್ದೆಗಳ ಅಡಿಯಲ್ಲಿ ಬಹಿರಂಗಪಡಿಸಬೇಕಿಲ್ಲವೆಂದು ವಿನಾಯಿತಿ ನೀಡಿದರು. ರಾಷ್ಟ್ರದ ಗುಟ್ಟನ್ನು ನ್ಯಾಯಾಲಯದಲ್ಲೂ ಬಿಚ್ಚದಿರುವ ಸರ್ಕಾರದ ಹಕ್ಕಿನೆದುರು ಮೊಕದ್ದಮೆ ಬಿದ್ದುಹೋಯಿತು. 1998ರಲ್ಲಿ ಮೇಲ್ಮನವಿಯೂ ಸೋತಿತು, ಸುಪ್ರೀಂ ಕೋರ್ಟ್ ವಿಚಾರಣೆಗೇ ಎತ್ತಿಕೊಳ್ಳಲಿಲ್ಲ. ಅದೇ ವರ್ಷಗಳಲ್ಲಿ, ಅಂದರೆ 1996ರಲ್ಲಿ, ನೆವಾಡಾ ರಾಜ್ಯ ಆ ಬಯಲಿನ ಪಕ್ಕದ 375ನೆಯ ಹೆದ್ದಾರಿಗೆ ಅನ್ಯಗ್ರಹವಾಸಿಗಳ ಹೆಸರಿಟ್ಟು ಪ್ರವಾಸಿಗರನ್ನು ಕರೆಯಿತು.

ಹೊಂಡಗಳ ಈ ಸಂಗತಿಯನ್ನು ನಾನು ಅಕ್ಕನ ಮಗನಿಗೆ ಬರೆದು ಕಳುಹಿಸಿದೆ. ಅವನ ಹನ್ನೆರಡು ನಿಮಿಷಗಳ ವಿಡಿಯೊದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಉತ್ತರ ಬಂತು: "ಮಾವ, ಹಾಗಾದರೆ ಅಲ್ಲಿ ಸುಟ್ಟಿದ್ದಾದರೂ ಏನನ್ನು?" ಆ ಹೆಂಗಸರು ನ್ಯಾಯಾಲಯದಲ್ಲಿ ಕೇಳಿದ್ದೂ ಅದನ್ನೇ.