ಟಾಟಾ ಇನ್‌ಸ್ಟಿಟ್ಯೂಟ್ ಒಳಗಿರೋ ಟಾಟಾ

ಯಶವಂತಪುರ ಕಡೆಯಿಂದ ಮಲ್ಲೇಶ್ವರಕ್ಕೆ ಹೋಗೋ ಬಸ್ಸಲ್ಲಿ "ಐಐಎಸ್‌ಸಿ ಒಂದು ಕೊಡಿ" ಅಂದ್ರೆ ಹಳೇ ಕಂಡಕ್ಟರ್‌ಗಳು ಒಂದ್ಸಲ ಮುಖ ನೋಡ್ತಾರೆ, ಆಮೇಲೆ "ಟಾಟಾ ಇನ್‌ಸ್ಟಿಟ್ಯೂಟಾ?" ಅಂತ ಟಿಕೆಟ್ ಹರೀತಾರೆ. ಆಟೋದವ್ರೂ ಅಷ್ಟೇ. ನಾವು ಮತ್ತಿಕೆರೆಲಿದ್ದಾಗ ನಮ್ಮಜ್ಜಿ ಬರೀ "ಟಾಟಾ" ಅಂತಿದ್ರು, "ಟಾಟಾ ಹತ್ರ ಇಳ್ಕೊಂಡು ನಡ್ಕೊಂಡ್ ಬಾ" ಅಂತ. ಆಮೇಲೆ ನಾನು ಅಲ್ಲೇ ಒಂದು ಲ್ಯಾಬಲ್ಲಿ ಸ್ವಲ್ಪ ಕಾಲ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಕೆಲಸ ಮಾಡಿದೆ, ಆಗ್ಲೂ ಅಜ್ಜಿ ಕೇಳಿದವರಿಗೆಲ್ಲ "ಮೊಮ್ಮಗ ಟಾಟಾದಲ್ಲಿದಾನೆ" ಅಂತಿದ್ರು, ಕೇಳಿದವ್ರು ಲಾರಿ ಕಂಪನಿ ಅನ್ಕೋತಿದ್ರೋ ಏನೋ.

ಇದ್ರಲ್ಲಿ ತಮಾಷೆ ಏನಂದ್ರೆ ಈ ವಿಜ್ಞಾನ ಸಂಸ್ಥೆಯ ಯೋಜನೆ ಹಾಕಿ ದುಡ್ಡು ಕೊಟ್ಟ ಉದ್ಯಮಿ ಜಮ್‌ಶೆಟ್‌ಜಿ ಟಾಟಾ ಇದಕ್ಕೆ ತಮ್ಮ ಹೆಸರು ಇಡೋದೇ ಬೇಡ ಅಂದಿದ್ದೋರು. ದುಡ್ಡು ಕೊಟ್ಟವರ ಹೆಸರು ಬೋರ್ಡ್ ಮೇಲೆ ಬಂದ್ರೆ ಬೇರೆ ಶ್ರೀಮಂತರು, ರಾಜರು ಯಾರೂ ಕೈ ಜೋಡಿಸಲ್ಲ, ಇದು ದೇಶದ್ದಾಗಿರ್ಬೇಕು ಅನ್ನೋ ಲೆಕ್ಕ. ಅದಕ್ಕೇ ಇವತ್ತಿಗೂ ಬೋರ್ಡಲ್ಲಿ ಇರೋದು ಭಾರತೀಯ ವಿಜ್ಞಾನ ಸಂಸ್ಥೆ. ಬೆಂಗಳೂರಿನ ಜನ ಮಾತ್ರ ಕೇಳ್ಲಿಲ್ಲ ನೋಡಿ. ಯಾವ ಸರ್ಕಾರಿ ಆರ್ಡರೂ ಇಲ್ದೆ, ಯಾವ ಸಮಾರಂಭವೂ ಇಲ್ದೆ ಅವರ ಹೆಸರನ್ನ ಬಸ್ ಸ್ಟಾಪಿಗೆ ಅಂಟಿಸಿಬಿಟ್ರು. ದಕ್ಷಿಣದ ಕಡೆ ಬಸವನಗುಡಿ ದಾಟಿದ್ರೆ ಟಾಟಾ ಸಿಲ್ಕ್ ಫಾರ್ಮ್ ಅಂತ ಇನ್ನೊಂದು ಸ್ಟಾಪ್ ಇದೆ, ಅದೂ ಇವರದ್ದೇ ಕಥೆ, ಜಪಾನಿನವರ ಸಹಾಯ ತಗೊಂಡು ರೇಷ್ಮೆ ಸಾಕಣೆ ಶುರು ಮಾಡ್ಸಿದ್ದ ಜಾಗ ಅದು. ಸ್ವಂತ ಊರಲ್ಲದ ಊರಲ್ಲಿ ಎರಡೆರಡು ಬಸ್ ಸ್ಟಾಪು!

ಈಗ ಪ್ರತಿಮೆ ವಿಷಯಕ್ಕೆ ಬರ್ತೀನಿ. ಮೇನ್ ಗೇಟಿಂದ ಒಳಗೆ ಹೋದ್ರೆ ಬೂದು ಬಣ್ಣದ ಗ್ರಾನೈಟ್ ಕಟ್ಟಡ, ನಡುವೆ ಗೋಪುರ, ಅದರ ಮುಂದೆ ಹುಲ್ಲು ಹಾಸು, ಅಲ್ಲಿ ಪಾರ್ಸಿ ಟೋಪಿ ಹಾಕ್ಕೊಂಡು ಟಾಟಾ ನಿಂತಿದಾರೆ. ಕಟ್ಟಡದ ಡಿಸೈನ್ ಬಾಂಬೆಯ ಸ್ಟೀವನ್ಸ್ ಕಂಪನಿದು, ಅಡಿಗಲ್ಲು ಇಟ್ಟಿದ್ದು 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್. ಪ್ರತಿಮೆ ಬಂದಿದ್ದು 1922ರಲ್ಲಿ, ಅಂದ್ರೆ ಟಾಟಾ ತೀರ್ಕೊಂಡು ಹದಿನೆಂಟು ವರ್ಷ ಆದ್ಮೇಲೆ. ಅವರು 1904ರಲ್ಲೇ ಜರ್ಮನಿಲಿ ಹೋಗ್ಬಿಟ್ರು, ಸಂಸ್ಥೆ ಹುಟ್ಟಿದ್ದು 1909ರಲ್ಲಿ, ಮೊದಲ ಬ್ಯಾಚ್ ಹುಡುಗ್ರು ಬಂದಿದ್ದು 1911ರಲ್ಲಿ. ಒಂದು ಇಟ್ಟಿಗೆ ಕೂಡ ನೋಡ್ಲಿಲ್ಲ ಪಾಪ. ವೈಸ್‌ರಾಯ್ ಆಗೋಕೆ ಆಗಷ್ಟೇ ಬಂದಿಳಿದಿದ್ದ ಕರ್ಜನ್ ಕೈಗೆ 1898ರ ಕೊನೇ ದಿನ ಈ ಯೋಜನೆ ಕೊಟ್ಟಾಗ ಆತ ಇಂಡಿಯಾದವ್ರಿಗೆ ಇಷ್ಟು ದೊಡ್ಡ ಓದಿಗೆ ಹುಡುಗ್ರು ಸಿಗ್ತಾರಾ, ಓದಿದವ್ರಿಗೆ ಕೆಲಸ ಎಲ್ಲಿದೆ ಅಂತ ಅನುಮಾನ ಪಟ್ಟ. ಆಮೇಲೆ ಕಮಿಟಿ ಮೇಲೆ ಕಮಿಟಿ. ಅಪ್ಪ ಹೋದ್ಮೇಲೆ ಹಿರೀ ಮಗ ದೊರಾಬ್ಜಿ ಬಿಡ್ದೆ ಹಿಂದೆ ಬಿದ್ದಿದ್ದಕ್ಕೆ ಆಯ್ತು ಅಷ್ಟೇ.

ಪ್ರತಿಮೆ ಕೆತ್ತಿದ್ದು ಲಂಡನ್ನಿನ ಗಿಲ್ಬರ್ಟ್ ಬೇಯ್ಸ್ ಅನ್ನೋ ಶಿಲ್ಪಿ. ಅಲ್ಲಿನ ಆಕ್ಸ್‌ಫರ್ಡ್ ಸ್ಟ್ರೀಟಲ್ಲಿ ಸೆಲ್ಫ್ರಿಡ್ಜಸ್ ಅಂಗಡಿ ಬಾಗಿಲ ಮೇಲೆ ಗಡಿಯಾರದ ಜೊತೆ ಒಬ್ಬ ರಾಣಿ ನಿಂತಿದಾಳಲ್ಲ, ಅದೂ ಇವರ ಕೈಯದ್ದೇ. ಹಾಗಾಗಿ ಇಲ್ಲಿನ ಪ್ರತಿಮೆ ಜೊತೆಗೂ ಯುರೋಪಿನ ಪುರಾಣದವರು ಬಂದು ಸೇರ್ಕೊಂಡಿದಾರೆ. ಸಿಡಿಲು ಹಿಡಿದ ಜೂಪಿಟರ್ ಇದಾನೆ, ಅದು ವಿದ್ಯುತ್ತಿಗೆ. ಕಮ್ಮಾರ ದೇವರು ವಲ್ಕನ್ ಇದಾನೆ, ಅದು ಲೋಹಗಳಿಗೆ. ನವಸಾರಿಲಿ ಹುಟ್ಟಿದ ಪಾರ್ಸಿ ಮನುಷ್ಯ, ಮೈಸೂರು ಮಹಾರಾಜರ ಜಾಗ, ರೋಮನ್ ದೇವರುಗಳು! ನಮ್ಮ ಇಂದ್ರನ ಕೈಲೂ ವಜ್ರಾಯುಧ ಇತ್ತಲ್ಲಾ ಸ್ವಾಮಿ, ವಿಶ್ವಕರ್ಮ ಏನ್ ತಪ್ಪು ಮಾಡಿದ್ದ ಅಂತ ನಾನು ಲ್ಯಾಬಲ್ಲಿ ಒಂದ್ಸಲ ಕೇಳಿದ್ದಕ್ಕೆ ನಮ್ಮ ಸೀನಿಯರ್ ಒಬ್ರು "ಶಿಲ್ಪಿ ಬಿಲ್ ಕಳ್ಸಿರೋದು ಲಂಡನ್ನಿಂದ, ಹಲಸೂರಿಂದ ಅಲ್ಲ" ಅಂದ್ರು. ಸರಿನೇ.

ಈ ಮೇನ್ ಬಿಲ್ಡಿಂಗ್ ಬಗ್ಗೆ ಹೊರಗಿನವ್ರಿಗೆ ಒಂದು ಭ್ರಮೆ ಇರತ್ತೆ, ಫೋಟೋದಲ್ಲೆಲ್ಲ ಅದೇ ಬರೋದ್ರಿಂದ ದೊಡ್ಡ ದೊಡ್ಡ ಸಂಶೋಧನೆ ಎಲ್ಲ ಒಳಗೇ ನಡೀತಿದೆ ಅಂತ. ಒಳಗಿರೋದು ಆಫೀಸು ಸಾರ್. ಡೈರೆಕ್ಟರ್, ರಿಜಿಸ್ಟ್ರಾರ್, ಫೈಲು, ಸೀಲು. ನಾನು ಅಲ್ಲಿಗೆ ಹೋಗಿದ್ದೆಲ್ಲ ಸೈನ್ ಹಾಕ್ಸೋಕೆ.

ಆದ್ರೆ ಆ ಕಟ್ಟಡ ನೋಡಿದಾಗಲೆಲ್ಲ ನನಗೆ ನೆನಪಾಗೋದು ಟಾಟಾ ಅಲ್ಲ, ಬಯೋಕೆಮಿಸ್ಟ್ ಕಮಲಾ ಸೊಹೊನಿ. 1933ರಲ್ಲಿ ಬಾಂಬೆಲಿ ಡಿಗ್ರಿ ಮುಗಿಸಿ ಒಳ್ಳೇ ಮಾರ್ಕ್ಸ್ ಇಟ್ಕೊಂಡು ಇಲ್ಲಿ ಸೇರ್ಕೋತೀನಿ ಅಂದ್ರೆ, ಆಗ ಡೈರೆಕ್ಟರ್ ಆಗಿದ್ದ ಸಿ.ವಿ. ರಾಮನ್, ಹೌದು ನೊಬೆಲ್ ರಾಮನ್ನೇ, ಹುಡುಗೀರನ್ನ ತಗೊಳಲ್ಲ ಅಂದ್ಬಿಟ್ರು. ಆಕೆ ಬಿಡ್ಲಿಲ್ಲ, ಬಂದು ಹಟ ಹಿಡಿದು ಸತ್ಯಾಗ್ರಹ ಮಾಡಿದ್ರು. ಕೊನೆಗೆ ಒಂದು ವರ್ಷ ನೋಡೋಣ ಅಂತ ಕಂಡೀಷನ್ ಹಾಕಿ ಒಳಗೆ ಬಿಟ್ರು, ಆಕೆ ಕೆಲಸ ನೋಡಿ ರಾಮನ್ನೂ ಮೆತ್ತಗಾಗಿ ಆಮೇಲೆ ಬೇರೆ ಹುಡುಗೀರಿಗೂ ಬಾಗಿಲು ತೆರೀತು. ಮುಂದೆ ಆಕೆ ಕೇಂಬ್ರಿಡ್ಜಲ್ಲಿ ಪಿಎಚ್‌ಡಿ ತಗೊಂಡ್ರು. ನನ್ನನ್ನ ಕೇಳಿದ್ರೆ ಆ ಹುಲ್ಲು ಹಾಸಲ್ಲಿ ಇನ್ನೊಂದು ಪ್ರತಿಮೆಗೆ ಬೇಕಾದಷ್ಟು ಜಾಗ ಇದೆ, ನಿಂತಿರೋ ಪ್ರತಿಮೆ ಅಲ್ಲ, ಎದ್ದೇಳಲ್ಲ ಅಂತ ಕೂತಿರೋ ಪ್ರತಿಮೆ.

ಇನ್ನೊಬ್ರು ಇದಾರೆ. ಕ್ಯಾಂಪಸ್ಸಲ್ಲಿ ಎಷ್ಟೋ ಜನಕ್ಕೆ 371 ಎಕರೆ ಅನ್ನೋ ನಂಬರ್ ಗೊತ್ತಿರತ್ತೆ, ಮೈಸೂರು ಮಹಾರಾಜ್ರು ಕೊಟ್ಟಿದ್ದು ಅಂತಾನೂ ಗೊತ್ತಿರತ್ತೆ. ಆದ್ರೆ ಜಾಗ ಕೊಡ್ತೀವಿ, ದುಡ್ಡೂ ಕೊಡ್ತೀವಿ ಬನ್ನಿ ಅಂತ ಮೈಸೂರು ಮೊದಲು ಮುಂದೆ ಬಂದಾಗ ನಾಲ್ವಡಿಯವರು ಇನ್ನೂ ಹುಡುಗ, ರಾಜ್ಯ ನಡೆಸ್ತಿದ್ದಿದ್ದು ಅವರ ತಾಯಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ದಿವಾನರು ಶೇಷಾದ್ರಿ ಅಯ್ಯರ್. ರಾಮ್ಸೆ ಅನ್ನೋ ಬ್ರಿಟಿಷ್ ಕೆಮಿಸ್ಟ್ 1900ರಲ್ಲಿ ದೇಶ ಸುತ್ತಿ ನೋಡಿ ಬೆಂಗಳೂರೇ ಸರಿ ಅಂದಿದ್ದಕ್ಕೆ ಇಲ್ಲಿನ ಹವೆ ಎಷ್ಟು ಕಾರಣವೋ ಈ ಮಾತು ಕೊಟ್ಟಿದ್ದೂ ಅಷ್ಟೇ ಕಾರಣ. ಜಾಗ ಕೈಗೆ ಬಂದಿದ್ದು 1907ರಲ್ಲಿ, ಅಷ್ಟೊತ್ತಿಗೆ ಮಗ ಪಟ್ಟದಲ್ಲಿದ್ರು, ಹೆಸರು ಮಗನಿಗೆ ಹೋಯ್ತು. ನಾನು ಅಲ್ಲಿದ್ದಷ್ಟೂ ಕಾಲ ಮಹಾರಾಣಿ ಹೆಸರನ್ನ ಟೀ ಕುಡಿಯೋವಾಗ ಯಾರೂ ತೆಗೆದಿದ್ದು ಕೇಳಿಲ್ಲ. ತಮ್ಮ ಹೆಸರು ಬೇಡ ಅಂದವರಿಗೆ ಪ್ರತಿಮೆ, ಬಸ್ ಸ್ಟಾಪು, ಆಡಿಟೋರಿಯಂ ಎಲ್ಲಾ ಸಿಕ್ತು, ಏನೂ ಅನ್ನದೆ ಇದ್ದವರಿಗೆ ಇಲ್ಲಿನ ಟೀ ಮಾತಲ್ಲೂ ಜಾಗ ಸಿಗ್ಲಿಲ್ಲ.

ಸಂಪ್ರದಾಯ ಅಂತ ಹೇಳ್ಬೇಕಂದ್ರೆ ಮಾರ್ಚ್ 3 ಟಾಟಾ ಹುಟ್ಟಿದ ದಿನ, ಫೌಂಡರ್ಸ್ ಡೇ. ಘಟಿಕೋತ್ಸವ ಆದ್ರೆ ಪ್ರತಿಮೆ ಹತ್ರ ಜಾತ್ರೆ, ಅಪ್ಪ ಅಮ್ಮ ಊರಿಂದ ರೇಷ್ಮೆ ಸೀರೆ, ಪಂಚೆ ಉಟ್ಕೊಂಡು ಬಂದಿರ್ತಾರೆ, ಮಗ ಗೌನ್ ಒಳಗೆ ಬೆವರ್ತಾ ಇರ್ತಾನೆ, ಗೋಪುರವೂ ಬರ್ಬೇಕು ಟಾಟಾನೂ ಬರ್ಬೇಕು ಅಜ್ಜಿನೂ ಬರ್ಬೇಕು ಅಂತ ಫೋಟೋ ತೆಗೆಯೋನು ಹಿಂದೆ ಹಿಂದೆ ಹೋಗಿ ಗಿಡದೊಳಗೆ ಹೋಗ್ಬಿಡ್ತಾನೆ. ಥೀಸಿಸ್ ಡಿಫೆನ್ಸ್ ಮುಗಿದ್ರೆ ತಿಂಡಿ ಕೊಡ್ಸೋದು ಕಡ್ಡಾಯ, ಅದಕ್ಕೆ ಹೈ ಟೀ ಅಂತ ಗತ್ತಿನ ಹೆಸರು, ಸಮೋಸ ಇರತ್ತೆ. ವಿಷಯ ಒಂದಕ್ಷರ ಗೊತ್ತಿಲ್ಲದಿದ್ರೂ ನಾನು ಯಾವುದನ್ನೂ ತಪ್ಪಿಸ್ತಿರ್ಲಿಲ್ಲ.

ಊರಿನವರ ಪಾಲಿಗೆ ದೊಡ್ಡ ಹಬ್ಬ ಅಂದ್ರೆ ಓಪನ್ ಡೇ. ಸಾಮಾನ್ಯವಾಗಿ ಫೆಬ್ರವರಿ ಮಾರ್ಚ್ ಹೊತ್ತಿಗೆ ಬರತ್ತೆ. ಮೊದಲೆಲ್ಲ ಸುತ್ತಮುತ್ತಲಿನವರು ಬೆಳಗ್ಗೆ ವಾಕಿಂಗಿಗೆ ಸುಮ್ನೆ ಒಳಗೆ ಹೋಗ್ತಿದ್ರು ಅಂತ ನಮ್ಮಪ್ಪ ಹೇಳ್ತಾರೆ. 2005ರ ಡಿಸೆಂಬರಲ್ಲಿ ಆಡಿಟೋರಿಯಂ ಹೊರಗೆ ಗುಂಡು ಹಾರಿಸಿ ದೆಹಲಿಯಿಂದ ಬಂದಿದ್ದ ಪ್ರೊಫೆಸರ್ ಒಬ್ಬರನ್ನ ಕೊಂದ್ರಲ್ಲ, ಅದಾದ್ಮೇಲೆ ಗೇಟು ಬಿಗಿ ಆಯ್ತು. ಈಗ ಐಡಿ ಇಲ್ಲದವ್ರಿಗೆ ವರ್ಷಕ್ಕೊಂದು ದಿನ. ಅವತ್ತು ಮಾತ್ರ ಸ್ಕೂಲ್ ಮಕ್ಕಳು, ಅವರ ಟೀಚರ್‌ಗಳು, ಚುರುಮುರಿ ಗಾಡಿಗಳು ಗೇಟ್ ಹೊರಗೆ, ಒಳಗೆ ಎಲ್ಲಾ ಕಡೆ ಕ್ಯೂ. ಲಿಕ್ವಿಡ್ ನೈಟ್ರೋಜನ್‌ಗೆ ಹೂವು ಅದ್ದಿ ಪುಡಿ ಮಾಡಿ ತೋರಿಸ್ತಾರೆ, ವಿಂಡ್ ಟನಲ್ ತೋರಿಸ್ತಾರೆ, ಎಲ್ಲಕ್ಕಿಂತ ಉದ್ದ ಕ್ಯೂ ಇರೋದು ಹೈ ವೋಲ್ಟೇಜ್ ಲ್ಯಾಬಿಗೆ. ಅಲ್ಲಿ ಮನುಷ್ಯರೇ ಸಿಡಿಲು ಹೊಡಿಸ್ತಾರೆ, ದಡಾರ್ ಅಂತ, ಮಕ್ಕಳು ಕಿವಿ ಮುಚ್ಕೊಂಡು ಕಿರುಚ್ತಾರೆ. ಜೂಪಿಟರ್ ಕೆತ್ತಿಸಿದ್ದು ವೇಸ್ಟ್ ಆಗ್ಲಿಲ್ಲ.

ರಾತ್ರಿ ಸಂಪ್ರದಾಯ ಬೇರೆ ಇದೆ, ಅದು ಊರಿನವ್ರಿಗೆ ಸಿಗಲ್ಲ. ರಸ್ತೆಗಳಿಗೆಲ್ಲ ಮರದ ಹೆಸರು, ಗುಲ್‌ಮೊಹರ್ ಮಾರ್ಗ, ಮಹಾಗನಿ ಮಾರ್ಗ ಅಂತ, ಜಾಗ ಕೊಟ್ಟಾಗ ಕುರುಚಲು ಬಯಲಾಗಿದ್ದಿದ್ದು ಈಗ ಕಾಡಾಗಿದೆ. ಆ ಮರಗಳಲ್ಲಿ ಕಾಡುಪಾಪಗಳಿವೆ, ದೊಡ್ಡ ಕಣ್ಣಿನ, ಕೈಯಲ್ಲಿ ಹಿಡಿಯುವಷ್ಟು ಸಣ್ಣ ಪ್ರಾಣಿ. ಬೆಂಗಳೂರು ಮಧ್ಯದಲ್ಲಿ! ಹಾಸ್ಟೆಲ್ ಹುಡುಗ್ರು ಊಟ ಆದ್ಮೇಲೆ ಕೆಂಪು ಬೆಳಕಿನ ಟಾರ್ಚ್ ಹಿಡ್ಕೊಂಡು ಕೊಂಬೆ ಹುಡುಕ್ತಾ ಹೋಗ್ತಾರೆ, ಬಿಳಿ ಟಾರ್ಚ್ ಹಾಕಿದ್ರೆ ಅವಕ್ಕೆ ಕಣ್ಣಿಗೆ ತೊಂದ್ರೆ ಅಂತ ಗೊತ್ತಿರೋವ್ರು ಬೈತಾರೆ. ಪ್ರತಿಮೆ ಹತ್ರ ಕರ್ಕೊಂಡು ಹೋಗಿ ತೋರಿಸಿದಾಗ ಆಕಳಿಸ್ತಿದ್ದ ನಮ್ಮ ಅಕ್ಕನ ಮಗಳು ಕಾಡುಪಾಪ ಅಂದ ತಕ್ಷಣ ಪೂರ್ತಿ ಎದ್ದು ಕೂತ್ಲು.

ಅಂದಹಾಗೆ ಹೆಸರಲ್ಲೇ ಟಾಟಾ ಇರೋ ಇನ್ನೊಂದು ಸಂಸ್ಥೆ, ಮುಂಬೈನ ಟಿಐಎಫ್ಆರ್ (ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್), ಅದೂ 1945ರಲ್ಲಿ ಹೋಮಿ ಭಾಭಾ ಶುರು ಮಾಡಿದ್ದು ಇದೇ ಕ್ಯಾಂಪಸ್ಸಲ್ಲೇ, ಆಮೇಲೆ ಮುಂಬೈಗೆ ಹೋಯ್ತು. ಹಾಗಾಗಿ ಟಾಟಾ ಇನ್‌ಸ್ಟಿಟ್ಯೂಟ್ ಅಂದ್ರೆ ಅದು ಬೇರೆ ಇದು ಬೇರೆ ಅಂತ ಕಂಡಕ್ಟರಿಗೆ ಪಾಠ ಮಾಡೋಕೆ ಹೋಗ್ಬೇಡಿ. ಓಪನ್ ಡೇಗೆ ಹೋಗೋರು ಬೆಳಗ್ಗೆ ಬೇಗ ಹೋಗಿ, ಹೈ ವೋಲ್ಟೇಜ್ ಕ್ಯೂ ಮೊದಲು ಹಿಡೀರಿ, ನೀರಿನ ಬಾಟಲಿ, ಟೋಪಿ ಇಟ್ಕೊಳ್ಳಿ, ಗಾಡಿ ತಗೊಂಡು ಹೋಗ್ಲೇಬೇಡಿ, ಸಿ.ವಿ. ರಾಮನ್ ರಸ್ತೆ ಅವತ್ತು ಪೂರ್ತಿ ಜಾಮ್.